ನಮ್ಮ ಬಾಯ್ಲರ್‌ಗೆ ಇನ್ನೆಷ್ಟು ವರ್ಷ?

ಪ್ರಶ್ನೆ: ಕಲ್ಲಿದ್ದಲು ಸುಡುವ ವಿದ್ಯುತ್ ಸ್ಥಾವರವೊಂದರ ಬಾಯ್ಲರ್ ನಿರ್ವಹಣೆ ವಿಭಾಗದಲ್ಲಿ ಹದಿನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ವಯಸ್ಸು 41. ನಾನು ಸೇರಿದಾಗ ನಮ್ಮ ಯೂನಿಟ್ ಹಗಲೂ ರಾತ್ರಿ ಫುಲ್ ಲೋಡ್‌ನಲ್ಲಿ ಓಡುತ್ತಿತ್ತು. ಈಗ ಬಿಸಿಲೇರಿದ ಕೂಡಲೇ ಲೋಡ್ ಅರ್ಧಕ್ಕೆ ಇಳಿಸಿ ಅಂತ ಸೂಚನೆ ಬರುತ್ತದೆ. ಸಂಜೆ ಮತ್ತೆ ಏರಿಸಿ ಅನ್ನುತ್ತಾರೆ. ಕೆಲವೊಮ್ಮೆ ಯೂನಿಟ್ಟನ್ನೇ ನಿಲ್ಲಿಸಿ ಎರಡು ದಿನ ಬಿಟ್ಟು ಎತ್ತುತ್ತೇವೆ. ಟ್ಯೂಬ್ ಲೀಕ್ ಜಾಸ್ತಿಯಾಗಿದೆ. ಕಲ್ಲಿದ್ದಲು ಸರಿಯಿಲ್ಲ ಅಂತ ಒಬ್ಬರು, ವೆಲ್ಡಿಂಗ್ ಸರಿಯಿಲ್ಲ ಅಂತ ಇನ್ನೊಬ್ಬರು. ಜೊತೆಯವರಲ್ಲಿ ಒಬ್ಬರು ‘ಹತ್ತು ವರ್ಷದಲ್ಲಿ ಎಲ್ಲಾ ಬಾಗಿಲು ಹಾಕುತ್ತಾರೆ’ ಅನ್ನುತ್ತಾರೆ. ಮತ್ತೊಬ್ಬರು ‘ಸೋಲಾರ್ ನಂಬಿಕೊಂಡು ಗ್ರಿಡ್ ನಡೆಯಲ್ಲ, ನಮ್ಮನ್ನು ಯಾರೂ ಅಲ್ಲಾಡಿಸೋಕೆ ಆಗಲ್ಲ’ ಅನ್ನುತ್ತಾರೆ. ಹೈಡ್ರೋಜನ್ ಕೋರ್ಸ್ ಮಾಡು ಅಂತ ಸ್ನೇಹಿತರ ಸಲಹೆ. ಈ ನಡುವೆ ಮಗಳು ಪವರ್ ಎಂಜಿನಿಯರಿಂಗ್ ಓದುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಬೇಡ ಅನ್ನಲೋ, ಆಗಲಿ ಅನ್ನಲೋ ತಿಳಿಯುತ್ತಿಲ್ಲ. ನಿಜ ಏನು, ದಯವಿಟ್ಟು ಹೇಳಿ.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆ ಒಂದಕ್ಕೊಂದು ಹೆಣೆದುಕೊಂಡಿವೆ. ಈ ಉದ್ಯಮ ಎತ್ತ ಹೋಗುತ್ತಿದೆ ಅನ್ನುವುದು ಒಂದು, ನನ್ನ ಗತಿ ಏನು ಅನ್ನುವುದು ಇನ್ನೊಂದು. ಎರಡನ್ನೂ ಬಿಡಿಸಿ ನೋಡೋಣ. ಆದರೆ ನಾನು ಟ್ಯೂಬ್ ಲೀಕ್‌ನಿಂದಲೇ ಶುರು ಮಾಡುತ್ತೇನೆ. ನೀವು ಕೇಳಿದ ದೊಡ್ಡ ಪ್ರಶ್ನೆಗೆ ಉತ್ತರ ಆ ಲೀಕ್‌ನಲ್ಲೇ ಇದೆ.

ನನ್ನ ಮೇಜಿನ ಮೇಲೆ ಗೇಣುದ್ದದ ಒಂದು ಬಾಯ್ಲರ್ ಟ್ಯೂಬ್ ತುಂಡಿದೆ. ಹೊರಗಿನಿಂದ ನೋಡಿದರೆ ಕೂದಲೆಳೆಯಷ್ಟು ಸಣ್ಣ ಒಂದೇ ಒಂದು ಬಿರುಕು, ಅದೂ ಟ್ಯೂಬಿಗೆ ಆಸರೆ ಪಟ್ಟಿ ಬೆಸೆದ ಜಾಗದ ಪಕ್ಕದಲ್ಲಿ. ಉದ್ದಕ್ಕೆ ಸೀಳಿ ಒಳಮೈ ನೋಡಿದರೆ ಬಿರುಕು ಒಂದಲ್ಲ. ಸಾಲಾಗಿ, ಪಕ್ಕಪಕ್ಕದಲ್ಲಿ, ಉಗುರಿನಿಂದ ಗೀಚಿದ ಹಾಗೆ ಏಳೆಂಟು ಇವೆ. ಅವುಗಳಲ್ಲಿ ಒಂದು ಮಾತ್ರ ಹೊರಗೆ ಬಂದು ಸಿಕ್ಕಿಬಿದ್ದಿದೆ. ಉಳಿದವು ಸರದಿಯಲ್ಲಿ ಕಾಯುತ್ತಿದ್ದವು.

ಅತಿ ಶಾಖಕ್ಕೆ ಒಡೆದ ಟ್ಯೂಬ್ ಹೀಗಿರುವುದಿಲ್ಲ ಅಂತ ನಿಮಗೆ ಗೊತ್ತು. ಅದು ಉಬ್ಬಿ, ಅಂಚು ತೆಳುವಾಗಿ, ಮೀನು ಬಾಯಿ ತೆರೆದ ಹಾಗೆ ಸೀಳಿರುತ್ತದೆ. ಬೂದಿ ಸವೆಸಿದ ಟ್ಯೂಬ್ ಹೊರಗಿನಿಂದ ಉಜ್ಜಿ ನಯವಾಗಿರುತ್ತದೆ. ನನ್ನ ಮೇಜಿನ ತುಂಡು ಸತ್ತಿದ್ದು ಸುಸ್ತಿನಿಂದ. ತಂತಿಯನ್ನು ಒಂದೇ ಜಾಗದಲ್ಲಿ ಹಿಂದೆ ಮುಂದೆ ಬಗ್ಗಿಸುತ್ತಾ ಹೋದರೆ ತುಂಡಾಗುತ್ತದಲ್ವಾ, ಅದೇ ಕತೆ.

ಬಾಯ್ಲರ್ ಒಂದು ಸಲ ಬಿಸಿಯಾದ ಮೇಲೆ ಬಿಸಿಯಾಗಿಯೇ ಇರಲಿ ಅಂತ ಕಟ್ಟಿದ ಯಂತ್ರ. ಟ್ಯೂಬ್ ತೆಳು, ಬೇಗ ಕಾಯುತ್ತದೆ. ಟ್ಯೂಬ್‌ಗಳು ಬಂದು ಸೇರುವ ಡ್ರಮ್, ಹೆಡರ್ ದಪ್ಪ, ನಿಧಾನಕ್ಕೆ ಕಾಯುತ್ತವೆ. ಒಂದು ಹಿಗ್ಗುವಾಗ ಇನ್ನೊಂದು ಹಿಗ್ಗಿರುವುದಿಲ್ಲ. ಎಳೆತ ಬೀಳುವುದು ಎರಡೂ ಸೇರುವ ಬೆಸುಗೆಯ ಮೇಲೆ. ಪ್ರತಿ ಸಲ ನಿಲ್ಲಿಸಿ ಎತ್ತಿದಾಗಲೂ ಆ ಜಾಗ ಒಂದು ಸಲ ಬಾಗಿದ ಹಾಗೆ. ಅದರ ಜೊತೆಗೆ, ನಿಂತ ಬಾಯ್ಲರಿನೊಳಕ್ಕೆ ಗಾಳಿ ಸೇರುತ್ತದೆ, ನೀರಿನಲ್ಲಿ ಆಮ್ಲಜನಕ ಏರುತ್ತದೆ, ಬಾಗಿದ ಜಾಗವನ್ನೇ ಹುಡುಕಿ ತುಕ್ಕು ಕಚ್ಚುತ್ತದೆ. ಆದ್ದರಿಂದ ಕಲ್ಲಿದ್ದಲು, ವೆಲ್ಡರ್ ಇಬ್ಬರನ್ನೂ ಬೈಯುವ ಮೊದಲು ಒಡೆದ ತುಂಡಿನ ಒಳಮೈ ನೋಡಿ. ಯೂನಿಟ್ ಓಡುವ ರೀತಿ ಬದಲಾಗಿದ್ದನ್ನು ಮ್ಯಾನೇಜ್‌ಮೆಂಟ್‌ಗಿಂತ ಮೊದಲು ಬರೆದಿಟ್ಟುಕೊಳ್ಳುವುದು ಲೋಹ.

ಓಡುವ ರೀತಿ ಯಾಕೆ ಬದಲಾಯಿತು? ಸೌರ ಫಲಕಕ್ಕೆ, ಗಾಳಿಯಂತ್ರಕ್ಕೆ ಇಂಧನದ ಖರ್ಚಿಲ್ಲ. ಒಂದು ಸಲ ಕಟ್ಟಿದ ಮೇಲೆ ಅದರಿಂದ ಬರುವ ಕರೆಂಟನ್ನು ಬಿಟ್ಟು, ಕಾಸು ಕೊಟ್ಟು ಕಲ್ಲಿದ್ದಲು ಸುಡಲು ಗ್ರಿಡ್ ನಡೆಸುವವರಿಗೆ ಕಾರಣವೇ ಇರುವುದಿಲ್ಲ. 2010ರಿಂದ 2023ರೊಳಗೆ ಸೌರ ವಿದ್ಯುತ್ತಿನ ಉತ್ಪಾದನಾ ವೆಚ್ಚ ಜಗತ್ತಿನ ಸರಾಸರಿಯಲ್ಲಿ ಸುಮಾರು ಶೇ 90ರಷ್ಟು ಇಳಿದಿದೆ. ಲಿಥಿಯಂ ಬ್ಯಾಟರಿಯ ಬೆಲೆಯೂ ಹೆಚ್ಚುಕಡಿಮೆ ಅಷ್ಟೇ ಬಿದ್ದಿದೆ. ಹವಾಮಾನದ ಲೆಕ್ಕ ಬೇರೆ ಇದೆ: ಕಲ್ಲಿದ್ದಲಿನಿಂದ ಒಂದು ಯೂನಿಟ್ ಕರೆಂಟ್ ಮಾಡಿದರೆ ಹತ್ತಿರ ಹತ್ತಿರ ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಗ್ಯಾಸ್‌ನಿಂದ ಸುಮಾರು ಅರ್ಧ. ಸೌರ, ಗಾಳಿಗೆ ತಯಾರಿಕೆಯನ್ನೂ ಸೇರಿಸಿ ನೋಡಿದರೂ ಹತ್ತಾರು ಗ್ರಾಂ ಮಾತ್ರ. ಸರಕಾರಗಳು ಬದಲಾಗಬಹುದು, ಗಡುವುಗಳು ಮುಂದೆ ಹೋಗಬಹುದು. ನಡು ಮಧ್ಯಾಹ್ನ ಫುಲ್ ಲೋಡ್ ಓಡಿಸುವ ಕಾಲ ಮಾತ್ರ ವಾಪಸ್ ಬರುವುದಿಲ್ಲ. ಇದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಿ. ನಾನು ತಂದುಕೊಳ್ಳಲು ಬಹಳ ವರ್ಷ ತೆಗೆದುಕೊಂಡೆ.

ಈಗ ನಿಮ್ಮ ಮೊದಲ ಜೊತೆಗಾರರ ಮಾತು. ಹತ್ತು ವರ್ಷದಲ್ಲಿ ಎಲ್ಲಾ ಬಾಗಿಲು ಹಾಕುತ್ತಾರಾ?

ಸಾಧ್ಯವೇ ಇಲ್ಲ ಅನ್ನುವ ಹಾಗಿಲ್ಲ. ಕಲ್ಲಿದ್ದಲಿನ ಕರೆಂಟನ್ನು ಸಾರ್ವಜನಿಕರಿಗೆ ಮಾರುವುದು ಲಂಡನ್ನಿನಲ್ಲಿ 1882ರಲ್ಲಿ ಶುರುವಾಯಿತು. ಅದೇ ಬ್ರಿಟನ್ನಿನ ಕೊನೆಯ ಕಲ್ಲಿದ್ದಲು ಸ್ಥಾವರ, ರ‍್ಯಾಟ್‌ಕ್ಲಿಫ್ ಆನ್ ಸೋರ್, 2024ರ ಸೆಪ್ಟೆಂಬರ್ 30ರಂದು ನಿಂತಿತು. 2012ರಲ್ಲಿ ಕೂಡ ಆ ದೇಶದ ವಿದ್ಯುತ್ತಿನಲ್ಲಿ ಶೇ 40ರಷ್ಟು ಕಲ್ಲಿದ್ದಲಿನದೇ ಇತ್ತು. ಹನ್ನೆರಡು ವರ್ಷದಲ್ಲಿ ಸೊನ್ನೆಗೆ ಬಂತು. ಆದರೆ ಅದೇ 2024ರಲ್ಲಿ ಇಡೀ ಜಗತ್ತು ಸುಟ್ಟ ಕಲ್ಲಿದ್ದಲು ಹಿಂದಿನ ಎಲ್ಲಾ ವರ್ಷಗಳಿಗಿಂತ ಜಾಸ್ತಿ. ಎರಡೂ ನಿಜ. ಬ್ರಿಟನ್ನಿಗೆ ಸಮುದ್ರದ ಗಾಳಿ ಇತ್ತು, ಗ್ಯಾಸ್ ಇತ್ತು, ಸ್ಥಾವರಗಳಿಗೆ ವಯಸ್ಸಾಗಿತ್ತು, ಬೇಡಿಕೆ ಏರುತ್ತಿರಲಿಲ್ಲ. ಬೇಡಿಕೆ ಬೆಳೆಯುತ್ತಿರುವ, ಸ್ಥಾವರಗಳು ಇನ್ನೂ ಹೊಸದಾಗಿರುವ ಕಡೆ ಅದೇ ವೇಗ ಬರುವುದಿಲ್ಲ. ಹಾಗಾಗಿ ‘ಎಲ್ಲಾ’ ಅನ್ನುವ ಪದವೇ ದಾರಿ ತಪ್ಪಿಸುತ್ತದೆ. ಮುಚ್ಚುವುದು ಒಂದೊಂದೇ ಯೂನಿಟ್. ಯಾವುದು ಮೊದಲು ಅನ್ನುವುದೇ ಪ್ರಶ್ನೆ.

ಎರಡನೆಯವರ ಮಾತಿಗೆ ನಾನು ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಯಾಕೆಂದರೆ ಅದರಲ್ಲಿ ಅರ್ಧ ಸತ್ಯ ಇದೆ, ಮತ್ತು ನಿಮ್ಮ ಮುಂದಿನ ದಾರಿ ಆ ಅರ್ಧದಲ್ಲಿದೆ.

ನಿಮ್ಮ ಕಂಟ್ರೋಲ್ ರೂಮಿನಲ್ಲಿ ಗ್ರಿಡ್ ಫ್ರೀಕ್ವೆನ್ಸಿ ತೋರಿಸುವ ಮೀಟರ್ ಇದೆ. 50 ಹರ್ಟ್ಸ್ ಅಂದರೆ ಟರ್ಬೈನ್ ನಿಮಿಷಕ್ಕೆ 3000 ಸುತ್ತು. ಗ್ರಿಡ್‌ಗೆ ಜೋಡಿಸಿದ ಅಂಥ ಎಲ್ಲಾ ಯಂತ್ರಗಳೂ ಹೆಜ್ಜೆಗೆ ಹೆಜ್ಜೆ ಹಾಕಿ ತಿರುಗುತ್ತವೆ. ಎಲ್ಲೋ ದೂರದಲ್ಲಿ ಒಂದು ದೊಡ್ಡ ಸ್ಥಾವರ ಟ್ರಿಪ್ ಆಗಿ ತಟ್ಟನೆ ನಿಂತರೆ, ಆ ಕೊರತೆಯನ್ನು ಮೊದಲ ಕ್ಷಣಗಳಲ್ಲಿ ತುಂಬುವುದು ಯಾರ ಆದೇಶವೂ ಅಲ್ಲ. ನೂರಾರು ರೋಟರ್‌ಗಳ ಭಾರ ತುಂಬುತ್ತದೆ. ಅವು ಒಂಚೂರು ನಿಧಾನವಾಗುತ್ತವೆ, ತಮ್ಮ ಓಟದ ಶಕ್ತಿಯನ್ನೇ ಗ್ರಿಡ್‌ಗೆ ಕೊಡುತ್ತವೆ, ಅಷ್ಟರಲ್ಲಿ ಟರ್ಬೈನಿನ ವೇಗ ಕಾಯುವ ಗವರ್ನರ್‌ಗಳು ಎಚ್ಚೆತ್ತು ಉಗಿ ಹೆಚ್ಚಿಸುತ್ತವೆ. ನಾನು ಗ್ರಿಡ್ ಕಂಟ್ರೋಲ್ ರೂಮಿನಲ್ಲಿದ್ದ ವರ್ಷಗಳಲ್ಲಿ ರಾತ್ರಿ ಪಾಳಿಯಲ್ಲಿ ಆ ಮುಳ್ಳು 49.9, 49.8 ಅಂತ ಇಳಿದು, ಅಲ್ಲೇ ತಡೆದು, ಮೆಲ್ಲಗೆ ಮೇಲೇರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಪ್ರತಿ ಸಲವೂ ಉಸಿರು ಹಿಡಿದೇ ನೋಡಿದ್ದೇನೆ.

ಸೌರ ಫಲಕಕ್ಕೆ ಆ ಭಾರ ಇಲ್ಲ. ಅದರ ಕರೆಂಟನ್ನು ಗ್ರಿಡ್‌ಗೆ ಹೊಂದುವ ಹಾಗೆ ಬದಲಿಸುವ ಇನ್ವರ್ಟರ್ ಸಾಮಾನ್ಯವಾಗಿ ಗ್ರಿಡ್‌ನ ತಾಳವನ್ನು ಕೇಳಿಸಿಕೊಂಡು ಹಿಂದೆ ನಡೆಯುತ್ತದೆ, ತಾನೇ ತಾಳ ಹಾಕುವುದಿಲ್ಲ. ಭಾರ ಕಡಿಮೆಯಾದಷ್ಟೂ ಮುಳ್ಳು ಬೇಗ ಬೀಳುತ್ತದೆ. ಇಷ್ಟು ನಿಜ. ಇಲ್ಲಿಂದ ‘ಆದ್ದರಿಂದ ಆಗದು’ ಅನ್ನುವುದಕ್ಕೆ ಹಾರುವುದು ತಪ್ಪು.

ದಕ್ಷಿಣ ಆಸ್ಟ್ರೇಲಿಯಾ ರಾಜ್ಯವನ್ನು ನೋಡಿ. ಅಲ್ಲಿನ ಕೊನೆಯ ಕಲ್ಲಿದ್ದಲು ಸ್ಥಾವರ 2016ರ ಮೇ ತಿಂಗಳಲ್ಲಿ ಮುಚ್ಚಿತು. ಅದೇ ಸೆಪ್ಟೆಂಬರ್ 28ರಂದು ಬಿರುಗಾಳಿ ಹೈಟೆನ್ಷನ್ ಟವರ್‌ಗಳನ್ನು ಕೆಡವಿತು, ವೋಲ್ಟೇಜ್ ಮತ್ತೆ ಮತ್ತೆ ಕುಸಿದಾಗ ಹಲವು ಗಾಳಿ ಸ್ಥಾವರಗಳು, ಯಂತ್ರ ಕಾಪಾಡಲು ಇಟ್ಟ ಪ್ರೊಟೆಕ್ಷನ್ ಸೆಟ್ಟಿಂಗ್‌ನಿಂದಾಗಿ, ಹಿಂದೆ ಸರಿದವು, ಇಡೀ ರಾಜ್ಯ ಕತ್ತಲಾಯಿತು. ನೋಡಿ, ಹೇಳಿರಲಿಲ್ವಾ ಅಂತ ಜಗತ್ತಿನಾದ್ಯಂತ ನಮ್ಮಂಥ ಉಷ್ಣ ಸ್ಥಾವರದವರು ಮಾತಾಡಿಕೊಂಡೆವು. ಆದರೆ ಅಲ್ಲಿನವರು ಕಲ್ಲಿದ್ದಲಿಗೆ ವಾಪಸ್ ಹೋಗಲಿಲ್ಲ. ಸೆಟ್ಟಿಂಗ್ ಬದಲಿಸಿದರು. 2017ರ ಕೊನೆಗೆ 100 ಮೆಗಾವ್ಯಾಟ್‌ನ ಬ್ಯಾಟರಿ ಕಟ್ಟಿದರು. 2021ರಲ್ಲಿ ನಾಲ್ಕು ಸಿಂಕ್ರೊನಸ್ ಕಂಡೆನ್ಸರ್ ತಂದರು. ಇದನ್ನು ನೀವು ಚೆನ್ನಾಗಿ ಅರ್ಥ ಮಾಡಿಕೊಳ್ಳಬಲ್ಲಿರಿ: ಬಾಯ್ಲರ್ ಇಲ್ಲ, ಉಗಿ ಇಲ್ಲ, ಸುಮ್ನೆ ಗ್ರಿಡ್ ಜೊತೆ ತಿರುಗುವ ಜನರೇಟರ್, ಅದರ ಅಚ್ಚಿಗೆ ಒಂದು ಭಾರದ ಚಕ್ರ. ಭಾರ ಕೊಡುವುದು, ವೋಲ್ಟೇಜ್ ಹಿಡಿಯುವುದು ಎರಡೇ ಅದರ ಕೆಲಸ. ಈಗ ಅಲ್ಲಿ ವರ್ಷದ ವಿದ್ಯುತ್ತಿನಲ್ಲಿ ಸುಮಾರು ಶೇ 70 ಗಾಳಿ ಮತ್ತು ಸೂರ್ಯನಿಂದಲೇ ಬರುತ್ತಿದೆ. ಗ್ಯಾಸ್ ಸ್ಥಾವರಗಳ ಮತ್ತು ಪಕ್ಕದ ರಾಜ್ಯದ ಲೈನಿನ ಆಸರೆ ಇನ್ನೂ ಇದೆ, ಅದನ್ನು ಮುಚ್ಚಿಡಬಾರದು.

2025ರ ಏಪ್ರಿಲ್ 28ರಂದು ಸ್ಪೇನ್, ಪೋರ್ಚುಗಲ್ ಕತ್ತಲಾದಾಗಲೂ ಮೊದಲ ಬೆರಳು ಸೌರದ ಕಡೆಗೇ ಹೋಯಿತು. ತನಿಖೆಯಲ್ಲಿ ಕಂಡಿದ್ದು ವೋಲ್ಟೇಜ್ ಮಿತಿ ಮೀರಿ ಏರುತ್ತಾ, ಒಂದರ ಹಿಂದೆ ಒಂದು ಸ್ಥಾವರ ಕಳಚಿಕೊಂಡ ಸರಣಿ. ವೋಲ್ಟೇಜ್ ತಗ್ಗಿಸಬೇಕಿದ್ದ ಹಳೆಯ ಮಾದರಿಯ ಸ್ಥಾವರಗಳು ಬೇಕಾದಷ್ಟು ತಗ್ಗಿಸಲಿಲ್ಲ. ಸೌರದವರಿಗೆ ಆ ಕೆಲಸವನ್ನು ನಿಯಮವೇ ಒಪ್ಪಿಸಿರಲಿಲ್ಲ. ನನಗೆ ಇದರಲ್ಲಿ ಕಾಣುವುದು ಇಷ್ಟು: ನಿಮ್ಮ ಯೂನಿಟ್ ಕರೆಂಟ್ ಮಾಡುವುದರ ಜೊತೆಗೆ ಇನ್ನೂ ನಾಲ್ಕು ಕೆಲಸ ಮಾಡುತ್ತಿತ್ತು. ಅವಕ್ಕೆ ಯಾರೂ ಬಿಲ್ ಹಾಕಿರಲಿಲ್ಲ, ಹಾಗಾಗಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಯೂನಿಟ್ ಹೋಗುವಾಗ ಆ ಕೆಲಸಗಳನ್ನು ಎಣಿಸಿ ಬೇರೆಯವರಿಗೆ ಒಪ್ಪಿಸಬೇಕು. ಒಪ್ಪಿಸಿದ ಕಡೆ ಗ್ರಿಡ್ ನಡೆಯುತ್ತದೆ. ಮರೆತ ಕಡೆ ಕತ್ತಲಾಗುತ್ತದೆ.

ಭಾರ ಮತ್ತು ವೋಲ್ಟೇಜ್‌ಗೆ ಪರಿಹಾರ ಇದೆ ಅಂತಾಯಿತು. ಸಂಜೆಯ ಮೂರು ನಾಲ್ಕು ತಾಸು ನಡೆಸಲು ಬ್ಯಾಟರಿ ಇದೆ. ಕ್ಯಾಲಿಫೋರ್ನಿಯಾದಲ್ಲಿ 2024ರಲ್ಲೇ 10,000 ಮೆಗಾವ್ಯಾಟ್ ದಾಟಿತು. ಇನ್ನೂ ಉದ್ದದ ಹೊತ್ತಿಗೆ ನೀರನ್ನು ಮೇಲಿನ ಕೆರೆಗೆ ಎತ್ತಿ ಇಳಿಸುವ ಪಂಪ್ಡ್ ಸ್ಟೋರೇಜ್ ಇದೆ. ಬಿಸಿಲೂ ಗಾಳಿಯೂ ಇಲ್ಲದ ಒಂದೆರಡು ವಾರ ಬಂದರೆ? ಅದಕ್ಕೆ ಅಗ್ಗದ ಉತ್ತರ ಇನ್ನೂ ಯಾರ ಕೈಯಲ್ಲೂ ಇಲ್ಲ. ದೊಡ್ಡ ಜಲಾಶಯ, ಅಣು ಸ್ಥಾವರ, ಗ್ಯಾಸ್, ಇಲ್ಲವೇ ಕಾಯ್ದಿರಿಸಿದ ಹಳೆಯ ಕಲ್ಲಿದ್ದಲು ಯೂನಿಟ್, ಇವೇ ಗತಿ. ನಿಮ್ಮ ಯೂನಿಟ್‌ಗೆ ಉಳಿದಿರುವ ಆಯಸ್ಸು ಈ ಜಾಗದಲ್ಲಿದೆ. ಅದು ಓಡುವ ಗಂಟೆ ಕಡಿಮೆಯಾಗುತ್ತದೆ, ಎತ್ತುವ ಇಳಿಸುವ ಸಂಖ್ಯೆ ಜಾಸ್ತಿಯಾಗುತ್ತದೆ. ಎರಡನೆಯವರು ನಂಬಿರುವ ಹಾಗೆ ‘ಯಾರೂ ಅಲ್ಲಾಡಿಸೋಕೆ ಆಗಲ್ಲ’ ಅನ್ನುವುದು ಮಾತ್ರ ಆಗದ ಮಾತು. ಅಲ್ಲಾಡಿಸುವುದೇ ಇನ್ನು ಅದರ ದಿನಚರಿ.

ಚಿಮಣಿಯ ಹೊಗೆಯಿಂದಲೇ ಇಂಗಾಲ ಹಿಡಿದು ಸ್ಥಾವರ ಉಳಿಸಬಹುದಲ್ಲ ಅಂತಲೂ ಕೇಳಿಬರುತ್ತದೆ. ಕೆನಡಾದ ಬೌಂಡರಿ ಡ್ಯಾಮ್‌ನಲ್ಲಿ 2014ರಿಂದ ಒಂದು ಯೂನಿಟ್ ಹಾಗೆ ಓಡುತ್ತಿದೆ. ತಂತ್ರ ಸುಳ್ಳಲ್ಲ. ಆದರೆ ಅಂದುಕೊಂಡಷ್ಟು ಇಂಗಾಲ ಅಲ್ಲಿ ಹಿಡಿಯಲಾಗಲಿಲ್ಲ, ಮತ್ತು ಇಂಥ ಘಟಕ ಸ್ಥಾವರದ ಸುಮಾರು ಐದನೇ ಒಂದು ಪಾಲು ಶಕ್ತಿಯನ್ನು ತಾನೇ ತಿನ್ನುತ್ತದೆ. ಹೊಗೆ ತಪ್ಪಿಸಲು ಬೇರೆ ದಾರಿಯೇ ಇಲ್ಲದ ಸಿಮೆಂಟ್ ಕಾರ್ಖಾನೆಗೆ ಅದು ಬೇಕಾಗಬಹುದು. ನಿಮ್ಮ ಯೂನಿಟ್ಟನ್ನು ಅದು ಉಳಿಸುತ್ತದೆ ಅಂತ ನೆಚ್ಚಿಕೊಂಡು ಸಾಲ ಮಾಡಬೇಡಿ.

ಹೈಡ್ರೋಜನ್ ಕೋರ್ಸ್ ವಿಚಾರಕ್ಕೂ ಇದೇ ಲೆಕ್ಕ ಹಾಕಿ. ಒಂದು ಕಿಲೋ ಹೈಡ್ರೋಜನ್ ಮಾಡಲು 50ರಿಂದ 55 ಯೂನಿಟ್ ಕರೆಂಟ್ ಬೇಕು. ಅದರೊಳಗೆ ಉಳಿಯುವುದು ಸುಮಾರು 33 ಯೂನಿಟ್‌ನಷ್ಟು ಶಕ್ತಿ. ಅದನ್ನು ಒತ್ತಿ ತುಂಬಿ, ಮತ್ತೆ ಸುಟ್ಟು ಕರೆಂಟ್ ಮಾಡಿದರೆ ಹಾಕಿದ್ದರಲ್ಲಿ ಮೂರನೇ ಒಂದು ಪಾಲು ವಾಪಸ್ ಬಂದರೆ ಹೆಚ್ಚು. ಉಕ್ಕು ಮಾಡಲು, ರಸಗೊಬ್ಬರಕ್ಕೆ ಬೇಕಾದ ಅಮೋನಿಯಾ ಮಾಡಲು ಹೈಡ್ರೋಜನ್‌ಗೆ ನಿಜವಾದ ಜಾಗ ಇದೆ. ಆರು ವಾರದ ಸರ್ಟಿಫಿಕೇಟ್ ಕೋರ್ಸ್ ಆ ಜಾಗಕ್ಕೆ ನಿಮ್ಮನ್ನು ಕರೆದುಕೊಂಡು ಹೋಗುವುದಿಲ್ಲ. ಒತ್ತಡದ ಪೈಪ್, ಬೆಸುಗೆ, ಲೋಹದ ತಪಾಸಣೆ ಬಲ್ಲವರು ಅಲ್ಲಿಗೂ ಬೇಕು. ಅದು ನಿಮ್ಮ ಕೈಯಲ್ಲಿ ಆಗಲೇ ಇದೆ.

ಮುಚ್ಚುವ ಪ್ರಶ್ನೆಗೆ ಬರುತ್ತೇನೆ. ನನಗೆ ಮುಚ್ಚುವುದಕ್ಕಿಂತ ಹೆಚ್ಚು ಚಿಂತೆ ಹುಟ್ಟಿಸುವುದು, ಹೇಳದೆ ಮುಚ್ಚುವುದು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಹೇಝಲ್‌ವುಡ್ 1600 ಮೆಗಾವ್ಯಾಟ್‌ನ ಸ್ಥಾವರ. ಮುಚ್ಚುತ್ತೇವೆ ಅಂತ 2016ರ ನವೆಂಬರ್‌ನಲ್ಲಿ ಹೇಳಿದರು, 2017ರ ಮಾರ್ಚ್ ಕೊನೆಗೆ ನಿಲ್ಲಿಸಿದರು. ಐದು ತಿಂಗಳು. ಸ್ಥಾವರ ಇದ್ದ ಕಣಿವೆಯ ಜನರಿಗೆ ನೆರವು ನೀಡಲು ಸರಕಾರ ಹೊಸ ಸಂಸ್ಥೆಯನ್ನೇ ಕಟ್ಟಬೇಕಾಯಿತು. ಬ್ರಿಟನ್ನಿನಲ್ಲಿ ಕಲ್ಲಿದ್ದಲು ಬಿಡುವ ಮಾತನ್ನು ಸರಕಾರ 2015ರಲ್ಲೇ ಹೇಳಿತ್ತು. ರ‍್ಯಾಟ್‌ಕ್ಲಿಫ್‌ನವರಿಗೆ ಒಂಬತ್ತು ವರ್ಷ ಸಿಕ್ಕಿತು. ಯಾರು ಯಾವಾಗ ನಿವೃತ್ತಿ, ಯಾರು ಎಲ್ಲಿಗೆ, ಯಾರಿಗೆ ಯಾವ ತರಬೇತಿ ಅಂತ ಕೂತು ಮಾತಾಡಲು ಸಮಯ ಇತ್ತು.

ನಾನು ಕೆಲಸ ಮಾಡಿದ ಒಂದು ಸ್ಥಾವರದಲ್ಲಿ ಕೊನೆಯ ವರ್ಷದವರೆಗೂ ‘ಏನೂ ತೀರ್ಮಾನ ಆಗಿಲ್ಲ’ ಅನ್ನುವುದೇ ಉತ್ತರ. ಮೊದಲು ಬಿಟ್ಟು ಹೋದವರು ಒಳ್ಳೆಯ ವೆಲ್ಡರ್‌ಗಳು, ಅವರಿಗೆ ಎಲ್ಲಿ ಬೇಕಾದರೂ ಕೆಲಸ ಸಿಗುತ್ತಿತ್ತು. ಆಮೇಲೆ ಕೆಮಿಸ್ಟ್ರಿ ಲ್ಯಾಬಿನವರು. ಉಳಿದವರು ಎರಡೆರಡು ಪಾಳಿ ಮಾಡಿದರು. ಆ ಸ್ಥಾವರದ ಇಡೀ ಆಯಸ್ಸಿನಲ್ಲಿ ಕೈಕಾಲಿಗೆ ಪೆಟ್ಟಾದದ್ದು ಆ ಕೊನೆಯ ದಿನಗಳಲ್ಲೇ ಜಾಸ್ತಿ. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಬಾಯಿಬಿಟ್ಟು ಹೇಳದಿದ್ದರೂ ಮ್ಯಾನೇಜ್‌ಮೆಂಟ್‌ನ ಮನಸ್ಸು ಕೆಲವು ಕಡೆ ಕಾಣುತ್ತದೆ ಅಂತ ನನಗೆ ಆಗ ತಿಳಿದಿರಲಿಲ್ಲ.

ನೀವು ಈಗಲೇ ನೋಡಿ. ಮುಂದಿನ ದೊಡ್ಡ ಓವರ್‌ಹಾಲ್‌ಗೆ ಬಜೆಟ್ ಇಟ್ಟಿದ್ದಾರಾ? ಉಗಿಯನ್ನು ಇನ್ನಷ್ಟು ಕಾಯಿಸುವ ಸೂಪರ್‌ಹೀಟರ್‌ನ ಹಳೆಯ ಕಾಯಿಲ್ ಪೂರ್ತಿ ಬದಲಿಸುವ ಬದಲು ವರ್ಷ ವರ್ಷ ತೇಪೆ ಹಾಕಿಸುತ್ತಿದ್ದಾರೆ ಅಂದರೆ, ಇನ್ನು ಹೆಚ್ಚು ದಿನ ಓಡಿಸುವ ಯೋಚನೆ ಇಲ್ಲ ಅಂತಲೇ ನಾನು ಓದಿಕೊಳ್ಳುತ್ತೇನೆ. ಗಂಧಕದ ಹೊಗೆ ತಡೆಯುವ ಉಪಕರಣಕ್ಕೆ ದುಡ್ಡು ಸುರಿದಿದ್ದರೆ ಅದು ಒಳ್ಳೆಯ ಸೂಚನೆ. ಕರೆಂಟ್ ಮಾರುವ ಒಪ್ಪಂದ ಯಾವ ವರ್ಷ ಮುಗಿಯುತ್ತದೆ ಅಂತ ಕೇಳಿ ತಿಳಿದುಕೊಳ್ಳಿ. ಕಡಿಮೆ ಲೋಡ್‌ನಲ್ಲಿ ಎಣ್ಣೆಯ ಆಸರೆ ಇಲ್ಲದೆ ಬೆಂಕಿ ಆರದೆ ಉರಿಯುವ ಹಾಗೆ ಬರ್ನರ್, ಕಲ್ಲಿದ್ದಲು ಪುಡಿ ಮಾಡುವ ಮಿಲ್‌ಗಳನ್ನು ತಿದ್ದುತ್ತಿದ್ದಾರಾ ನೋಡಿ. ತಿದ್ದುತ್ತಿದ್ದರೆ ನಿಮ್ಮ ಯೂನಿಟ್ಟನ್ನು ಹೊಸ ಕೆಲಸಕ್ಕೆ ತಯಾರು ಮಾಡುತ್ತಿದ್ದಾರೆ. ಹೊಸ ಹುಡುಗರನ್ನು ಸೇರಿಸಿಕೊಂಡು ಎಷ್ಟು ವರ್ಷ ಆಯಿತು ಅನ್ನುವುದೂ ಒಂದು ಲೆಕ್ಕ.

ನಿಮ್ಮ ಮುಂದೆ ಇರುವ ದಾರಿಗಳಲ್ಲಿ ನನಗೆ ಮೊದಲು ಹಿಡಿಸುವುದು ಇದ್ದಲ್ಲೇ ಇದ್ದು ಕೆಲಸ ಬದಲಿಸಿಕೊಳ್ಳುವುದು. ಲೀಕ್ ಆದ ಮೇಲೆ ಬೆಸೆಯುವವರಿಂದ, ಎಲ್ಲಿ ಲೀಕ್ ಆಗುತ್ತದೆ ಅಂತ ಮೊದಲೇ ಹೇಳುವವರಾಗಿ. ಅಲ್ಟ್ರಾಸಾನಿಕ್ ತಪಾಸಣೆ, ಲೋಹದ ಮೈಯ ಅಚ್ಚು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ರೆಪ್ಲಿಕಾ ಪರೀಕ್ಷೆ, ಉಳಿದ ಆಯಸ್ಸಿನ ಲೆಕ್ಕ, ಯೂನಿಟ್ ನಿಂತಾಗ ಬಾಯ್ಲರನ್ನು ಕಾಪಾಡುವ ವಿಧಾನ, ಇವನ್ನು ಕಂಪನಿಯ ಖರ್ಚಿನಲ್ಲೇ ಕಲಿಯಲು ಕೇಳಿ. ಎತ್ತಿ ಇಳಿಸುವ ಯೂನಿಟ್‌ಗೆ ಇವು ಬೇಕೇ ಬೇಕು. ಅಪಾಯ ಅಂದರೆ ಈ ಸ್ಥಾವರಗಳ ಸಂಖ್ಯೆಯೇ ಇಳಿಯುತ್ತಾ ಹೋಗುತ್ತದೆ. ಆದರೆ ರಿಫೈನರಿ, ಗೊಬ್ಬರ ಕಾರ್ಖಾನೆ, ಕಾಗದದ ಗಿರಣಿ, ಅಣು ಸ್ಥಾವರದ ಉಗಿ ಭಾಗ ಎಲ್ಲೆಡೆ ಇದೇ ಲೋಹ, ಇದೇ ಒತ್ತಡ, ಇದೇ ಬಿರುಕು.

ಸೌರ ಸ್ಥಾವರಕ್ಕೆ ಹಾರುವ ಯೋಚನೆ ಇದ್ದರೆ ಒಂದು ಮಾತು ತಿಳಿದಿರಲಿ. ಅಲ್ಲಿ ಕಟ್ಟುವಾಗ ತುಂಬಾ ಜನ ಬೇಕು, ಕಟ್ಟಿದ ಮೇಲೆ ಬೆರಳೆಣಿಕೆಯಷ್ಟು ಸಾಕು. ಕಟ್ಟುವ ಕೆಲಸ ಗುತ್ತಿಗೆಯದು, ಊರಿಂದೂರಿಗೆ ಹೋಗುತ್ತಿರಬೇಕು. ನಿಮ್ಮ ಹದಿನಾಲ್ಕು ವರ್ಷಕ್ಕೆ ಅಲ್ಲಿ ಬೆಲೆ ಕಟ್ಟುವವರು ಕಡಿಮೆ. ಸಬ್‌ಸ್ಟೇಷನ್, ಸಿಂಕ್ರೊನಸ್ ಕಂಡೆನ್ಸರ್ ಕಡೆ ಹೋಗುವುದಾದರೆ ಕೆಲಸ ಗಟ್ಟಿ, ಆದರೆ ಅಲ್ಲಿ ಎಲೆಕ್ಟ್ರಿಕಲ್‌ನವರೇ ಮುಂದೆ, ನೀವು ಒಂದೆರಡು ಮೆಟ್ಟಿಲು ಕೆಳಗಿನಿಂದ ಶುರು ಮಾಡಬೇಕಾಗಬಹುದು. 41ರಲ್ಲಿ ಅದು ಆಗದ ಮಾತಲ್ಲ. 50ರಲ್ಲಿ ಕಷ್ಟ. ಯಾವ ದಾರಿ ಹಿಡಿದರೂ, ಸ್ಥಾವರ ಮುಚ್ಚಿದರೆ ನಿಮಗೆ ಬರಬೇಕಾದ್ದು ಏನೇನು ಅನ್ನುವುದನ್ನು ಈಗಲೇ, ಮುಚ್ಚುವ ಮಾತಿಲ್ಲದಿರುವಾಗಲೇ, ಬರಹದಲ್ಲಿ ಪಡೆದುಕೊಳ್ಳಿ.

ಮಗಳಿಗೆ ಆಗಲಿ ಅನ್ನಿ. ಎರಡು ಸಲ ಯೋಚಿಸಬೇಡಿ. ಮನುಷ್ಯ ಬಳಸುವ ಒಟ್ಟು ಶಕ್ತಿಯಲ್ಲಿ ಇವತ್ತು ವಿದ್ಯುತ್ತಿನ ಪಾಲು ಐದರಲ್ಲಿ ಒಂದು ಮಾತ್ರ. ವಾಹನ, ಕಾರ್ಖಾನೆಯ ಶಾಖ, ಮನೆ ಬಿಸಿ ಮಾಡುವುದು ಎಲ್ಲಾ ನಿಧಾನಕ್ಕೆ ತಂತಿಯ ಕಡೆ ಬರುತ್ತಿವೆ. ಅವಳಿಗೆ ಒಂದೇ ಸಲಹೆ: ಫಲಕ ಜೋಡಿಸುವುದಕ್ಕೆ ನಿಲ್ಲದೆ ಪ್ರೊಟೆಕ್ಷನ್, ಕಂಟ್ರೋಲ್, ಪವರ್ ಎಲೆಕ್ಟ್ರಾನಿಕ್ಸ್ ಗಟ್ಟಿಯಾಗಿ ಕಲಿಯಲಿ. ತಾನೇ ತಾಳ ಹಾಕುವ ಹೊಸ ಬಗೆಯ ಇನ್ವರ್ಟರ್‌ಗಳು ಈಗ ಬರುತ್ತಿವೆ. ತಿರುಗುವ ಯಂತ್ರವನ್ನೂ ಇನ್ವರ್ಟರನ್ನೂ ಎರಡನ್ನೂ ಬಲ್ಲವರು ಬಹಳ ಕಡಿಮೆ. ಒಂದು ಸಲ ಅನುಮತಿ ಪಡೆದು ಅವಳನ್ನು ಟರ್ಬೈನ್ ಹಾಲ್‌ಗೆ ಕರೆದುಕೊಂಡು ಹೋಗಿ, ಆ ರೋಟರ್ ಅಷ್ಟು ಭಾರ ಯಾಕೆ ಅಂತ ನಿಮ್ಮ ಬಾಯಿಂದಲೇ ಹೇಳಿ.

ಇನ್ನೊಂದು ಕೆಲಸ ಇದೇ ವಾರ ಶುರು ಮಾಡಿ. ಒಡೆದು ತೆಗೆದ ಟ್ಯೂಬ್ ತುಂಡನ್ನು ಗುಜರಿಗೆ ಹಾಕಬೇಡಿ. ಅದರ ಮೈಮೇಲೆ ಬಿಳಿ ಬಣ್ಣದಲ್ಲಿ ದಿನಾಂಕ, ಬಾಯ್ಲರಿನಲ್ಲಿ ಅದು ಇದ್ದ ಜಾಗ, ಆ ವರ್ಷ ಯೂನಿಟ್ ಎಷ್ಟು ಸಲ ನಿಂತು ಎದ್ದಿತು ಅನ್ನುವುದನ್ನು ಬರೆದು ಒಂದು ಕಪಾಟಿನಲ್ಲಿ ಜೋಡಿಸಿ. ತಣ್ಣಗಾಗಿ ಎದ್ದದ್ದು ಬೇರೆ, ಬಿಸಿಯಿದ್ದಾಗಲೇ ಎದ್ದದ್ದು ಬೇರೆ ಎಣಿಸಿ. ಎರಡು ವರ್ಷ ಕಳೆದ ಮೇಲೆ, ಈ ಯೂನಿಟ್ ಇನ್ನೆಷ್ಟು ಸಲ ಎದ್ದೇಳಬಲ್ಲದು ಅಂತ ಯಾರಾದರೂ ಕೇಳಿದರೆ, ಕಪಾಟಿನ ಬಾಗಿಲು ತೆರೆದು ತೋರಿಸಲು ನಿಮ್ಮ ಹತ್ತಿರ ಏನಾದರೂ ಇರುತ್ತದೆ.